ಹುಣಸೆ ಲಾರಿಯಲ್ಲಿ ವಾಪಸ್ಸು ಹೋದ ಫ್ರಿಜ್ಜು

ಆ ದಿನಗಳಲ್ಲಿ ನಾನು ಹಿಂದೂಪುರದ ಒಂದು ಹುಣಸೆಹಣ್ಣಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಂಡಿಗೆ ಆಗಷ್ಟೇ ಇಂಟರ್‌ನೆಟ್ ಬಂದಿತ್ತು. ಬೇರೆ ಊರುಗಳ ಧಾರಣೆ ನೋಡಲಿ ಅಂತ ಮಾಲೀಕರು ಹಾಕಿಸಿದ್ದು. ನಾನು ಊಟದ ಹೊತ್ತಿನಲ್ಲಿ ಅದರಲ್ಲಿ ಮಿಕ್ಸಿ, ಫ್ಯಾನು, ಫ್ರಿಜ್ಜುಗಳ ಚಿತ್ರ ನೋಡುತ್ತಾ ಕೂರುತ್ತಿದ್ದೆ. ಅಂಗಡಿಗೆ ಹೋಗದೆ ಸಾಮಾನು ತರಿಸಿಕೊಳ್ಳಬಹುದು ಅನ್ನುವುದೇ ನಮ್ಮ ಕಡೆ ಇನ್ನೂ ನಂಬುವಂಥ ಮಾತಾಗಿರಲಿಲ್ಲ.

ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ಬಾವನದು ನೇಯ್ಗೆಯ ಮನೆ. ಮಗ್ಗ ಎತ್ತಿ ಬಹಳ ಕಾಲವಾಗಿತ್ತು; ಬಾವ ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಅಕ್ಕ ಮನೆಯಲ್ಲೇ ಹೂ ಕಟ್ಟಿ ಮದುವೆ ಮನೆಗಳಿಗೆ ಕೊಡುತ್ತಿದ್ದಳು. ಮದುವೆಗಳೆಲ್ಲ ಬರುವುದು ಬೇಸಿಗೆಯಲ್ಲಿ, ಕಲ್ಯಾಣದುರ್ಗದ ಬೇಸಿಗೆಯಲ್ಲಿ ಮಲ್ಲಿಗೆ ಮಧ್ಯಾಹ್ನಕ್ಕೇ ಕಂದಿಹೋಗುತ್ತದೆ. ಒದ್ದೆ ಬಟ್ಟೆ ಸುತ್ತಿ, ಗಡಿಗೆಯಲ್ಲಿಟ್ಟು, ಅರ್ಧ ರಾಶಿಯನ್ನು ಎಸೆದು ಎಸೆದು ಅಕ್ಕ ಬೇಸತ್ತಿದ್ದಳು. ಒಂದು ಫ್ರಿಜ್ಜು ಇದ್ದರೆ ಎಷ್ಟು ಹೂ ಉಳಿಯುತ್ತದೆ ಎಂದು ಅವಳೇ ಒಮ್ಮೆ ಫೋನಿನಲ್ಲಿ ಅಂದಳು. ನಾನು ಆ ಮಾತನ್ನು ಹಿಡಿದುಕೊಂಡೆ.

ಬಾವನಿಗೆ ಊರಿನ ಅಂಗಡಿಯಲ್ಲೇ ಕೊಳ್ಳಬೇಕು ಅಂತಿತ್ತು. ಕೆಟ್ಟರೆ ಹೋಗಿ ಕೇಳಲಿಕ್ಕೆ ಒಬ್ಬ ಮನುಷ್ಯ ಇರುತ್ತಾನೆ ಅನ್ನುವುದು ಅವರ ವಾದ. ಕಂಪ್ಯೂಟರಿನಲ್ಲಿ ಇದಕ್ಕಿಂತ ದೊಡ್ಡದು, ಒಳ್ಳೆಯದು ಸಿಗುತ್ತದೆ ಎಂದು ನಾನು ಹಟ ಹಿಡಿದು ಒಪ್ಪಿಸಿದೆ. ಕಂಪನಿಯವರು ಕಲ್ಯಾಣದುರ್ಗಕ್ಕೆ ಸಾಮಾನು ಕಳಿಸುತ್ತಿರಲಿಲ್ಲ, ಹಿಂದೂಪುರದ ತನಕ ಮಾತ್ರ. ನಮ್ಮ ಮಾಲೀಕರು ತಮ್ಮ ಕಾರ್ಡಿನಲ್ಲಿ ತರಿಸಿಕೊಟ್ಟರು, ಹಾಗಾಗಿ ಬಿಲ್ಲೂ ಅವರ ಹೆಸರಿನಲ್ಲೇ ಬಂತು. ಫ್ರಿಜ್ಜು ಹಿಂದೂಪುರದ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಬಂದು, ಅಲ್ಲಿಂದ ಹುಣಸೆಹಣ್ಣು ಇಳಿಸಿ ಖಾಲಿ ಹೋಗುವ ಲಾರಿಯಲ್ಲಿ ಅಕ್ಕನ ಮನೆ ಸೇರಿತು. ಹಿಂದೆ ಮಗ್ಗ ಇದ್ದ ಗುಂಡಿಯನ್ನು ಮುಚ್ಚಿ ಗಾರೆ ಮಾಡಿದ್ದ ಮೂಲೆಯಲ್ಲಿ ಅದನ್ನು ನಿಲ್ಲಿಸಿದರು. ನಾನು ಫೋನಿನಲ್ಲೇ ಸಂಭ್ರಮಪಟ್ಟೆ.

ಮೊದಲು ಹೇಳಿದವರು ಅಕ್ಕನ ಅತ್ತೆ. ನಾನೂ ಅವರನ್ನು ಅತ್ತೆ ಅಂತಲೇ ಕರೆಯುತ್ತಿದ್ದೆ. ಆ ಬಾಗಿಲು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಅವರು ಹೇಳಿದಾಗ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಮೊದಲಿನಿಂದಲೂ ಆ ಪೆಟ್ಟಿಗೆ ಬೇಕಿರಲಿಲ್ಲ, ತಣ್ಣೀರು ಕುಡಿದರೆ ಕೆಮ್ಮು ಬರುತ್ತದೆ ಅಂತ ಗೊಣಗುತ್ತಿದ್ದರು. ಇದೂ ಅಂಥದ್ದೇ ಒಂದು ಗೊಣಗಾಟ ಅಂತ ಅಕ್ಕ ನಗುತ್ತಾ ನನಗೆ ಫೋನಿನಲ್ಲಿ ಹೇಳಿದಳು. ನಾನೂ ನಕ್ಕೆ.

ಅದಾದ ಕೆಲವೇ ದಿನಕ್ಕೆ, ಒಂದು ಮದುವೆಯ ಹೂ ಕೊಡಬೇಕಾದ ಬೆಳಿಗ್ಗೆ, ಅಕ್ಕ ಮುಖ ತೊಳೆದು ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಹೋಗಿ ಫ್ರಿಜ್ಜಿನ ಬಾಗಿಲು ಹಿಡಿದಳು. ಕೈ ಬಿಡಲಿಕ್ಕೆ ಆಗಲಿಲ್ಲವಂತೆ. ಕೂಗಲಿಕ್ಕೂ ಆಗಲಿಲ್ಲ. ಅಂಗಳ ಗುಡಿಸುತ್ತಿದ್ದ ಅತ್ತೆ ಒಳಗೆ ಬಂದವರು ಅವಳ ಮೈ ನಡುಗುವುದನ್ನು ಕಂಡು, ಪೊರಕೆಯ ಕೋಲಿನಿಂದಲೇ ಗೋಡೆಯ ಸ್ವಿಚ್ಚಿಗೆ ಹೊಡೆದು ಆರಿಸಿದರು. ಅಕ್ಕ ಹಿಂದಕ್ಕೆ ಬಿದ್ದಳು. ಹೊಸ್ತಿಲಿಗೆ ಮೊಣಕೈ ಬಡಿದು ಬಾತುಕೊಂಡಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಬಲಗೈ ಎತ್ತಲಿಕ್ಕಾಗದೆ ಹೂ ಕಟ್ಟುವುದು ನಿಂತಿತು.

ಈ ಸುದ್ದಿ ನನಗೆ ಮಂಡಿಯಲ್ಲಿ ತಕ್ಕಡಿಯ ಪಕ್ಕ ನಿಂತಿದ್ದಾಗ ಬಂತು. ಫೋನು ಮಾಡಿದವರು ಬಾವ. ಅವರು ಬೈಯಲಿಲ್ಲ. ನಡೆದದ್ದನ್ನು ಹೇಳಿ, "ನೀನೇ ತರ್ಸಿದ್ದು, ನೀನೇ ಏನಾದ್ರೂ ಮಾಡಮ್ಮ" ಅಂದು ಇಟ್ಟುಬಿಟ್ಟರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸಂಜೆಯ ಬಸ್ಸಿನಲ್ಲಿ ಹೊರಟು ಅಕ್ಕನನ್ನು ನೋಡಿಕೊಂಡು ಬಂದೆ. ಅವಳು ಮಂಚದ ಮೇಲೆ ಕೂತು ಎಡಗೈಯಲ್ಲಿ ಊಟ ಮಾಡುತ್ತಿದ್ದಳು. ಫ್ರಿಜ್ಜಿನ ಮೇಲೆ ಯಾರೂ ಮುಟ್ಟದ ಹಾಗೆ ಒಂದು ಹಳೆಯ ಸೀರೆ ಹೊದಿಸಿದ್ದರು.

ಅಲ್ಲಿಂದ ಕಂಪನಿಗೆ ಫೋನು ಮಾಡುವುದು ಶುರುವಾಯಿತು. ಆ ಕಡೆ ಮೊದಲು ಸಂಗೀತ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷ್. ಎರಡೂ ನನಗೆ ಅಷ್ಟಕ್ಕಷ್ಟೆ. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಮೊದಲಿನಿಂದ ಹೇಳಬೇಕು. ನಿಮ್ಮ ಮನೆಯ ವೈರಿಂಗ್ ಸರಿಯಿಲ್ಲ, ಅರ್ತಿಂಗ್ ನೋಡಿಸಿ ಅಂದರು. ಬಾವ ಎಲೆಕ್ಟ್ರೀಷಿಯನ್ನನ್ನು ಕರೆಸಿದರು. ಮನೆಯಲ್ಲಿ ಅರ್ತ್ ಇಲ್ಲದಿರುವುದು ನಿಜ, ಆದರೆ ಕರೆಂಟು ಸೋರುತ್ತಿರುವುದು ಫ್ರಿಜ್ಜಿನ ಮೋಟರಿನ ಹತ್ತಿರ ಅಂತ ಅವನು ಹೇಳಿದ. ಅದನ್ನು ಕಂಪನಿಗೆ ಹೇಳಿದರೆ, ನಮ್ಮ ಮೆಕ್ಯಾನಿಕ್ ನೋಡದೆ ಒಪ್ಪಲಿಕ್ಕಾಗುವುದಿಲ್ಲ ಅಂದರು. ಮೆಕ್ಯಾನಿಕ್ಕನ್ನು ಕಳಿಸಿ ಎಂದರೆ, ನಿಮ್ಮ ಊರಿಗೆ ನಮ್ಮ ಸರ್ವೀಸ್ ಇಲ್ಲ ಅಂದರು. ಊರಿನ ಅಂಗಡಿಯವನು, ನನ್ನ ಹತ್ತಿರ ಕೊಂಡಿದ್ದರೆ ಇಷ್ಟೊತ್ತಿಗೆ ಬದಲಿಸಿಕೊಡುತ್ತಿದ್ದೆ ಎಂದು ಬಾವನಿಗೆ ಹೇಳಿ ಕಳಿಸಿದ.

ವಾಪಸ್ಸು ತೆಗೆದುಕೊಳ್ಳುವ ಗಡುವು ಹತ್ತಿರ ಬರುತ್ತಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ. ಲೆಕ್ಕದಲ್ಲಿ ಒಂದರ ಮನೆಗೆ ಇನ್ನೊಂದು ಬರೆಯುತ್ತಿದ್ದೆ. ಕೊನೆಗೆ ಫೋನಿನಲ್ಲಿ ಸಿಕ್ಕ ಒಬ್ಬ ಹೆಂಗಸು ನನ್ನ ಹರಕು ಹಿಂದಿಯನ್ನು ತಾಳ್ಮೆಯಿಂದ ಕೇಳಿ, ಅಕ್ಕನ ಕೈ ಈಗ ಹೇಗಿದೆ ಎಂದು ವಿಚಾರಿಸಿದಳು. ಅಷ್ಟು ದಿನದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಶನಿವಾರದೊಳಗೆ ಫ್ರಿಜ್ಜನ್ನು ಹಿಂದೂಪುರದ ಅದೇ ಗೋಡೌನಿಗೆ ತಲುಪಿಸಿದರೆ, ಅಲ್ಲಿಯವರು ಪರೀಕ್ಷೆ ಮಾಡಿ ದೋಷ ಇದೆ ಅಂದರೆ ಬೇರೆಯದು ಕೊಡುತ್ತೇವೆ ಅಂದಳು. ಬಂದ ಡಬ್ಬದಲ್ಲೇ ವಾಪಸ್ಸು ಬರಬೇಕು ಅಂತಲೂ ಹೇಳಿದಳು.

ಡಬ್ಬವೆಲ್ಲಿತ್ತು? ಅತ್ತೆ ಅದನ್ನು ಉದ್ದಕ್ಕೆ ಸೀಳಿ, ಹೂ ಕಟ್ಟುವವರು ಕೂರಲಿ ಅಂತ ನೆಲಕ್ಕೆ ಹಾಸಿದ್ದರು.

ಶನಿವಾರದ ಬೆಳಿಗ್ಗೆಗೆ ನಮ್ಮ ಮಂಡಿಗೆ ಹಣ್ಣು ತರುವ ಲಾರಿಯೊಂದು ಕಲ್ಯಾಣದುರ್ಗ, ಕಂಬದೂರಿನ ಹಳ್ಳಿಗಳಿಂದ ಹೊರಡುವುದಿತ್ತು. ಡ್ರೈವರಣ್ಣ ಫ್ರಿಜ್ಜಿಗೆ ಜಾಗ ಬಿಡಲು ಒಪ್ಪಿದ. ನಾನು ಹಿಂದಿನ ದಿನವೇ ಅಕ್ಕನ ಮನೆಗೆ ಹೋದೆ. ಹೋದಾಗ ಬಾವ ನೆಲದ ಮೇಲೆ ಕೂತು, ಗೋಣಿ ಹೊಲೆಯುವ ದಬ್ಬಳ ಮತ್ತು ಸೆಣಬಿನ ದಾರ ಹಿಡಿದು, ಸೀಳಿದ ರಟ್ಟನ್ನು ಹೊಲಿಯುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ, ಸೀರೆಯ ಸೆರಗಿಗೆ ಕುಚ್ಚು ಕಟ್ಟುವಷ್ಟು ನಿಧಾನವಾಗಿ. ನನ್ನನ್ನು ನೋಡಿ, ರಟ್ಟಿನ ಆ ತುದಿಯನ್ನು ಹಿಡಿದುಕೋ ಅಂತ ಕೈಸನ್ನೆ ಮಾಡಿದರು. ನಾನು ಹಿಡಿದುಕೊಂಡೆ. ಅಂದು ಸಂಜೆಯವರೆಗೆ ನಾವಿಬ್ಬರೂ ಹಾಗೇ ಕೂತು ಡಬ್ಬ ಹೊಲಿದೆವು.

ಬಾವನಿಗೆ ಶನಿವಾರ ಸೆಟ್ಟೂರಿನ ಕಡೆ ವ್ಯಾಪಾರವಿತ್ತು, ಬಿಡುವಂತಿರಲಿಲ್ಲ. ನಾನೊಬ್ಬಳೇ ಲಾರಿಯಲ್ಲಿ ಹೋಗುವುದೆಂದಾಗಿತ್ತು. ಬೆಳಿಗ್ಗೆ ಲಾರಿ ಬಂದು ನಿಂತಾಗ ಅತ್ತೆ ಒಂದು ಚೀಲ ಹಿಡಿದು, ಸೆರಗು ಬಿಗಿದುಕೊಂಡು ಹೊರಗೆ ಬಂದರು.

"ನಾನೂ ಬತ್ತೀನಿ ಕಣಮ್ಮ" ಅಂದರು.

ಅಕ್ಕ ಬೇಡ ಅಂದಳು. ಬಿಸಿಲು, ಲಾರಿಯ ಪ್ರಯಾಣ, ಸೊಂಟ ನೋವು, ಎಲ್ಲ ಹೇಳಿದಳು. ಅವರು ಅಷ್ಟರಲ್ಲೇ ಮೆಟ್ಟಿಲಿಗೆ ಕಾಲಿಟ್ಟು ಹತ್ತಿ ಕೂತರು. ನನಗೆ ಒಳಗೊಳಗೇ ಗಾಬರಿಯಾಯಿತು. ಗೋಡೌನಿನಲ್ಲಿ ಇವರು ಯಾರ ಮೇಲಾದರೂ ಜಗಳಕ್ಕೆ ನಿಂತರೆ ಕೆಲಸ ಕೆಟ್ಟಿತು ಅಂದುಕೊಂಡೆ.

ಹುಣಸೆ ಚೀಲಗಳ ನಡುವೆ ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದಿದ್ದರು. ಅದನ್ನು ಮಲಗಿಸುವ ಹಾಗಿಲ್ಲ, ಮಲಗಿಸಿದರೆ ಇನ್ನೊಂದು ಕೇಡು ಅಂತ ಕಂಪನಿಯ ಹೆಂಗಸು ಹೇಳಿದ್ದಳು. ಪ್ರತಿ ಗುಂಡಿಗೂ ನಾನು ಹಿಂದಿನ ಸಣ್ಣ ಕಿಟಕಿಯಿಂದ ತಿರುಗಿ ನೋಡುತ್ತಿದ್ದೆ. ಡಬ್ಬ ಒಮ್ಮೆ ಈ ಕಡೆ ವಾಲುತ್ತಿತ್ತು, ಒಮ್ಮೆ ಆ ಕಡೆ. ಡ್ರೈವರಣ್ಣ ಎರಡು ಸಲ ನಿಲ್ಲಿಸಿ ಹಗ್ಗ ಬಿಗಿದ.

ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಹತ್ತಿರದ ದಾರಿ ಪಾವಗಡದ ಮೇಲೆ ಹೋಗುತ್ತದೆ. ಅಂದರೆ ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೆ ಬರಬೇಕು. ಬಸ್ಸಿನಲ್ಲಿ ಹೋಗುವಾಗ ಇದು ನೆನಪಿಗೂ ಬರುವುದಿಲ್ಲ. ಲಾರಿಯಲ್ಲಿ ಹಾಗಲ್ಲ, ಗಡಿಯಲ್ಲಿ ಚೆಕ್‌ಪೋಸ್ಟಿರುತ್ತದೆ. ಹಣ್ಣಿಗೆ ಕಾಗದ ಸರಿಯಾಗಿದೆ, ನಿಮ್ಮ ಪೆಟ್ಟಿಗೆಯ ವಿಷಯ ನೀವೇ ಹೇಳಿಕೊಳ್ಳಬೇಕು ಎಂದು ಡ್ರೈವರಣ್ಣ ಮೊದಲೇ ಹೇಳಿದ್ದ.

ಅಲ್ಲಿ ಒಬ್ಬರು ಲಾರಿ ಹತ್ತಿ ನೋಡಿದರು. ಹಣ್ಣಿನ ನಡುವೆ ಫ್ರಿಜ್ಜು ಯಾಕೆ, ಹೊಸದೋ ಹಳೆಯದೋ, ಮಾರಲಿಕ್ಕೋ ಎಂದು ಕೇಳಿದರು. ನಾನು ಬಿಲ್ಲು ತೋರಿಸಿದೆ. ಬಿಲ್ಲಿನಲ್ಲಿ ಗಂಡಸಿನ ಹೆಸರಿದೆ, ಹಿಂದೂಪುರದ ವಿಳಾಸವಿದೆ, ಸಾಮಾನು ಕಲ್ಯಾಣದುರ್ಗದಿಂದ ಬರುತ್ತಿದೆ, ನೀವು ಯಾರು ಅಂದರು. ನಾನು ಕೊಟ್ಟ ಉತ್ತರ ನನಗೇ ಸುಳ್ಳಿನ ಹಾಗೆ ಕೇಳಿಸಿತು. ತೆಲುಗು ಕನ್ನಡ ಎರಡೂ ಕಲಸಿಹೋದವು. ಅವರು ಬಿಲ್ಲನ್ನು ಒಳಗೆ ತೆಗೆದುಕೊಂಡು ಹೋದರು. ನಮ್ಮ ಹಿಂದೆ ಬಂದ ಗಾಡಿಗಳೆಲ್ಲ ಒಂದೊಂದಾಗಿ ಮುಂದೆ ಹೋದವು.

ಅತ್ತೆ ಏನಾದರೂ ಅಂದುಬಿಡುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಸುಮ್ಮನೆ ಕೂತಿದ್ದರು. ಆ ಮನುಷ್ಯ ಹೊರಗೆ ಬಂದಾಗ ಮಾತ್ರ, ಮೆತ್ತಗೆ, "ನಮ್ಮ ಸೊಸೇನ ಹಿಡ್ಕಂಡ್ಬುಟ್ಟಿತ್ತಪ್ಪ ಅದು. ಅದ್ಕೇ ವಾಪಸ್ ಕೊಡಾಕೆ ಹೋಯ್ತಾ ಇದ್ದೀವಿ" ಅಂದರು. ಅವರು ಅತ್ತೆಯನ್ನೊಮ್ಮೆ ನೋಡಿ, ಬಿಲ್ಲನ್ನು ನನ್ನ ಕೈಗೆ ಕೊಟ್ಟು, ಹೋಗಿ ಅಂತ ಕೈ ಬೀಸಿದರು. ಪಾವಗಡ ದಾಟಿ ಮಡಕಶಿರ ಬರುವವರೆಗೂ ನಾನು ಬಿಲ್ಲನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಹಿಂದೂಪುರ ಸೇರಿದಾಗ ಮಧ್ಯಾಹ್ನ ಕಳೆದಿತ್ತು. ಗೋಡೌನಿನ ಗುಮಾಸ್ತರು, ಕಂಪನಿಯಿಂದ ತಮಗೆ ಯಾವ ಸಂದೇಶವೂ ಬಂದಿಲ್ಲ, ಬಾರದೆ ಮುಟ್ಟುವುದಿಲ್ಲ ಎಂದು ತೆಲುಗಿನಲ್ಲಿ ಖಡಾಖಂಡಿತವಾಗಿ ಹೇಳಿದರು. ಸಂಜೆ ಬಾಗಿಲು ಹಾಕಿದರೆ ಮತ್ತೆ ಸೋಮವಾರ, ಸೋಮವಾರಕ್ಕೆ ಗಡುವು ಮುಗಿದಿರುತ್ತದೆ. ಲಾರಿ ಹಣ್ಣು ಇಳಿಸಲು ಮಂಡಿಯ ಯಾರ್ಡಿಗೆ ಹೋಗಬೇಕಿತ್ತು. ಹಮಾಲಿಗಳು ಫ್ರಿಜ್ಜನ್ನು ಗೋಡೌನಿನ ಎದುರು ರಸ್ತೆಬದಿಯಲ್ಲಿ ಇಳಿಸಿದರು. ಲಾರಿ ಹೊರಟುಹೋಯಿತು. ಹೊಲಿಗೆ ಹಾಕಿದ ದೊಡ್ಡ ಡಬ್ಬದ ಪಕ್ಕ ನಾನು ಮತ್ತು ಅತ್ತೆ ಉಳಿದೆವು.

ಫೋನು ಹಚ್ಚಿದೆ. ಸಂಗೀತ ಬಂತು. ಕಟ್ಟಾಯಿತು. ಮತ್ತೆ ಹಚ್ಚಿದೆ. ಮೊಬೈಲಿನ ಬ್ಯಾಟರಿ ಕೊನೆಯ ಗೆರೆಗೆ ಇಳಿದಿತ್ತು. ಆ ಹೆಂಗಸಿನ ಹೆಸರು ಕೇಳಿಟ್ಟುಕೊಳ್ಳಬೇಕಿತ್ತು ಅನ್ನಿಸಿತು. ಹೋಗಿಬರುವವರು ನಿಂತು, ಮಾರ್ತೀರಾ, ಎಷ್ಟಕ್ಕೆ ಅಂತ ಕೇಳಿದರು. ಅಷ್ಟರಲ್ಲಿ ಪೆನುಕೊಂಡದ ಕಡೆಯಿಂದ ಮೋಡ ಕವಿಯತೊಡಗಿತು. ಬೇಸಿಗೆಯ ಮಳೆ, ಬಂದರೆ ಒಂದೇ ಸಲ ಸುರಿಯುತ್ತದೆ. ಗಾಳಿಗೆ ರಸ್ತೆಯ ಧೂಳೆಲ್ಲ ಎದ್ದಿತು. ರಟ್ಟು ನೆನೆದರೆ ಬಾವ ಹಾಕಿದ ಹೊಲಿಗೆಯೆಲ್ಲ ಬಿಚ್ಚಿಹೋಗುತ್ತದೆ, ಒದ್ದೆಯಾದ ಮೆಷಿನ್ನನ್ನು ಯಾರು ತೆಗೆದುಕೊಳ್ಳುತ್ತಾರೆ? ನೀರು ಹೋಗಿ ಕೆಟ್ಟಿದೆ ಅಂತ ನಮ್ಮ ಮೇಲೇ ಹಾಕುತ್ತಾರೆ. ನನಗೆ ಅಳು ಬಂತು. ರಸ್ತೆಯಲ್ಲಿ ಅಳಬಾರದು ಅಂತ ಡಬ್ಬಕ್ಕೆ ಮುಖ ಮಾಡಿ ನಿಂತೆ.

ಅತ್ತೆ ಎದ್ದು ಗೋಡೌನಿನ ಒಳಗೆ ಹೋದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ದನಿ ಏರಲಿಲ್ಲ, ಅದು ಗೊತ್ತು. ಗುಮಾಸ್ತರು ಹೊರಗೆ ಬಂದು ಆಕಾಶ ನೋಡಿ, ಹಮಾಲಿಗಳಿಗೆ ಡಬ್ಬವನ್ನು ಒಳಗೆ ಇಡಲು ಹೇಳಿದರು. ತೆಗೆದುಕೊಂಡಂತಲ್ಲ, ಮಳೆಗೆ ಮಾತ್ರ ಎಂದು ಎರಡು ಸಲ ಹೇಳಿದರು. ಡಬ್ಬ ಒಳಗೆ ಹೋಗುತ್ತಿದ್ದ ಹಾಗೇ ದಪ್ಪ ಹನಿಗಳು ಬಿದ್ದವು. ಅದರ ಜೊತೆಗೇ ಕರೆಂಟೂ ಹೋಯಿತು.

ಕತ್ತಲಾದ ಗೋಡೌನಿನಲ್ಲಿ ಗುಮಾಸ್ತರ ಮೇಜಿನ ಫೋನಿನಿಂದಲೇ ಇನ್ನೊಮ್ಮೆ ಪ್ರಯತ್ನಿಸಲು ಅವರು ಬಿಟ್ಟರು. ಈ ಸಲ ಒಬ್ಬ ಗಂಡಸಿನ ದನಿ ಸಿಕ್ಕಿತು. ದೂರಿನ ನಂಬರ್ ಓದಿದೆ. ಹೌದು, ವಾಪಸಾತಿಗೆ ಒಪ್ಪಿಗೆಯಾಗಿದೆ, ಗೋಡೌನಿಗೆ ತಿಳಿಸುವುದೊಂದು ಬಿಟ್ಟುಹೋಗಿದೆ ಅಂದ. ಗುಮಾಸ್ತರೊಂದಿಗೆ ಮಾತಾಡಿದ. ಅವರು ಫೋನು ಇಟ್ಟು, ಪರೀಕ್ಷೆ ಮಾಡಿ ದೋಷ ಕಂಡರೆ ಮಾತ್ರ ತೆಗೆದುಕೊಳ್ಳಲು ಹೇಳಿದ್ದಾರೆ, ಕರೆಂಟು ಬರಬೇಕಲ್ಲ ಅಂದರು.

ಮಳೆ ನಿಂತರೂ ಕರೆಂಟು ಬರಲಿಲ್ಲ. ಅತ್ತೆ ಚೀಲದಿಂದ ರೊಟ್ಟಿ, ಚಟ್ನಿಪುಡಿ ತೆಗೆದು ನನಗೊಂದು ಕೊಟ್ಟು, ಗುಮಾಸ್ತರಿಗೂ ಒಂದು ಕೊಟ್ಟರು. ನನ್ನದು ಕೈಯಲ್ಲೇ ಉಳಿಯಿತು. ಕೊನೆಗೆ, ಬಾಗಿಲು ಹಾಕುವ ಹೊತ್ತಿಗೆ ದೀಪ ಹತ್ತಿತು. ಗುಮಾಸ್ತರು ಡಬ್ಬದ ಹೊಲಿಗೆ ಬಿಚ್ಚಿಸಿ, ಪ್ಲಗ್ ಸಿಕ್ಕಿಸಿ, ಫ್ರಿಜ್ಜಿನ ಬಾಗಿಲಿಗೆ ಟೆಸ್ಟರ್ ಒತ್ತಿದರು. ಟೆಸ್ಟರಿನ ದೀಪ ಹತ್ತಲಿಲ್ಲ. ಬದಿಗೆ ಒತ್ತಿದರು, ಹಿಂದೆ ಒತ್ತಿದರು. ಏನೂ ಇಲ್ಲ.

"ಇದ್ರಲ್ಲಿ ಏನೂ ಲೇದಮ್ಮಾ" ಅಂದರು.

ಇಷ್ಟು ದೂರ ಜೋಪಾನವಾಗಿ ತಂದದ್ದು ಸರಿಹೋಗಿಬಿಟ್ಟಿತೇ? ಇದನ್ನು ಮತ್ತೆ ಕಲ್ಯಾಣದುರ್ಗಕ್ಕೆ ಒಯ್ದು ಅಕ್ಕನ ಮನೆಯಲ್ಲಿ ನಿಲ್ಲಿಸಬೇಕೇ? ಕೆಟ್ಟ ಮೆಷಿನ್ನು ಕೆಟ್ಟೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಮೇಲೆ ನೆನಪಾಯಿತು, ಕರೆಂಟು ಸೋರುವುದು ಮೋಟರಿನ ಹತ್ತಿರ ಎಂದಿದ್ದ ಆ ಎಲೆಕ್ಟ್ರೀಷಿಯನ್. ಮೋಟರು ಇನ್ನೂ ಶುರುವೇ ಆಗಿರಲಿಲ್ಲ. ಸ್ವಲ್ಪ ತಾಳಿ ಎಂದು ಅವರನ್ನು ಕೇಳಿಕೊಂಡೆ. ಅವರು ಗೋಡೆಯ ಗಡಿಯಾರ ನೋಡಿದರು, ಬೀಗದ ಕೈ ಎತ್ತಿಕೊಂಡರು, ಆದರೂ ನಿಂತರು. ಮೂವರೂ ಆ ಪೆಟ್ಟಿಗೆಯನ್ನು ನೋಡುತ್ತಾ ನಿಂತೆವು. ಒಳಗಿನಿಂದ ಟಕ್ ಅಂತ ಸದ್ದಾಗಿ ಮೋಟರು ಗುಂಯ್ಗುಡಲು ಶುರುವಾಯಿತು. ಅವರು ಟೆಸ್ಟರ್ ಒತ್ತಿದರು. ಕೆಂಪು ದೀಪ ಪಕ್ಕನೆ ಹತ್ತಿತು. ಅವರು ಕೈ ಹಿಂದಕ್ಕೆಳೆದುಕೊಂಡು ಪ್ಲಗ್ ಕಿತ್ತರು. ಆಮೇಲೆ ರಸೀದಿ ಬರೆದುಕೊಟ್ಟರು.

ಅತ್ತೆಯನ್ನು ನನ್ನ ಕೋಣೆಗೆ ಕರೆದುಕೊಂಡು ಹೋದೆ. ಅಕ್ಕನಿಗೆ ಫೋನು ಮಾಡಿ ಹೇಳಿದಾಗ ಅವಳು ಮೊದಲು ಕೇಳಿದ್ದು ಅತ್ತೆಗೆ ಸೊಂಟ ನೋವು ಬಂತಾ ಅಂತ. ಅನ್ನಕ್ಕೆ ಇಟ್ಟು, ನಾನು ಅತ್ತೆಯನ್ನು ಕೇಳಿದೆ, ನೀವು ಜಗಳ ಮಾಡಲಿಕ್ಕೆ ಬಂದಿದ್ದೀರಿ ಅಂದುಕೊಂಡಿದ್ದೆ, ಮತ್ತೆ ಯಾಕೆ ಬಂದಿರಿ ಅಂತ. ಅವರು ಕಾಲು ಒತ್ತಿಕೊಳ್ಳುತ್ತಾ ಕೂತಿದ್ದರು.

"ಅವತ್ತು ಅವ್ಳು ಹೋಗ್ಬುಟ್ಳು ಅನ್ಕಂಡೆ ಕಣಮ್ಮ. ಅದಾದ್ಮ್ಯಾಕೆ ಆ ಪೆಟ್ಗೆ ಮನ್ಯಾಗಿದ್ರೆ ನಂಗೆ ನಿದ್ದೇನೇ ಬರ್ತಿರ್ಲಿಲ್ಲ. ದಾರೀಲಿ ಯಾರಾದ್ರೂ ಬ್ಯಾಡ ಅಂತ ವಾಪಸ್ ಕಳಿಸ್ಬುಟ್ರೆ ಏನ್ಮಾಡಾದು? ಅದು ಹೋಯ್ತು ಅಂತ ನನ್ನ ಕಣ್ಣಾರೆ ನೋಡ್ಬೇಕಾಗಿತ್ತು."

ಗೋಡೌನಿನ ಗುಮಾಸ್ತರಿಗೆ ಏನು ಹೇಳಿದಿರಿ ಎಂದು ಕೇಳಿದೆ. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರಾ ಅಂತ ಕೇಳಿದೆ, ಅಷ್ಟೇ ಅಂದರು. ಮರುದಿನ ಬೆಳಿಗ್ಗೆ ಅವರನ್ನು ಪಾವಗಡದ ಮೇಲೆ ಊರಿಗೆ ಹೋಗುವ ಬಸ್ಸಿಗೆ ಹತ್ತಿಸಿದೆ.

ಬದಲಿ ಫ್ರಿಜ್ಜು ಬರುವಷ್ಟರಲ್ಲಿ ಮದುವೆಯ ಕಾಲ ಮುಗಿದಿತ್ತು. ಅಷ್ಟರೊಳಗೆ ಬಾವ ಮನೆಯ ಹಿಂದೆ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ ಅರ್ತ್ ಮಾಡಿಸಿದ್ದರು. ಹೊಸದನ್ನು ನಿಲ್ಲಿಸಿದ ದಿನ ಎಲ್ಲರನ್ನೂ ಹೊರಗೆ ಕಳಿಸಿ, ಎಲೆಕ್ಟ್ರೀಷಿಯನ್ನನ್ನು ಕರೆಸಿ ಬಹಳ ಹೊತ್ತು ಓಡಿಸಿ ನೋಡಿದರಂತೆ. ಏನೂ ತೊಂದರೆ ಇರಲಿಲ್ಲ. ಅಕ್ಕನ ಕೈ ನೆಟ್ಟಗಾಗಿತ್ತು, ಆದರೂ ಅವಳು ಕೆಲವು ದಿನ ಅದರ ಹತ್ತಿರ ಸುಳಿಯಲಿಲ್ಲ. ನಾನು ಹಿಂದೂಪುರದಲ್ಲಿ ಕೂತು, ಫೋನು ಬಂದರೂ ಭಯ, ಬರದಿದ್ದರೂ ಭಯ ಅನ್ನುವ ಹಾಗಿದ್ದೆ.

ಶ್ರಾವಣದ ಒಂದು ಬೆಳಿಗ್ಗೆ ಮಂಡಿಯ ಫೋನಿಗೆ ಅತ್ತೆ ಕರೆ ಮಾಡಿದರು. ಅವರು ತಾವಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಗಾಬರಿಯಲ್ಲಿ ಏನಾಯಿತು ಎಂದೆ. ಏನೂ ಆಗಿಲ್ಲ, ನಿಮ್ಮಕ್ಕ ನಿನ್ನೆ ಸಂಜೆ ಹೂ ಒಳಗಿಟ್ಟಳು, ಬೆಳಿಗ್ಗೆ ತೆಗೆದರೆ ಗಿಡದಲ್ಲಿದ್ದ ಹಾಗೇ ಇದೆ ಅಂದರು. ಆಮೇಲೆ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಆ ದಿನ ರೊಟ್ಟಿಯನ್ನೂ ಹಾಗೇ ಬಿಟ್ಟಿದ್ದೆ ಎಂದು ಕೇಳಿದರು. ನಾನು ಮಾಡುತ್ತಿದ್ದೇನೆ ಅಂದೆ. ಅವರು ನಂಬಲಿಲ್ಲ. ಯುಗಾದಿಗೂ ಬರಲಿಲ್ಲ, ಈ ಶ್ರಾವಣದ ಹಬ್ಬಕ್ಕಾದರೂ ಬಾ ಎಂದು ಹೇಳಿ ಫೋನು ಇಟ್ಟರು.